ಔಷಧಕ್ಕೆ ಬಗ್ಗದ ಡೌನಿ ರೋಗ

ಅಕ್ಟೋಬರ್ ಚಾಟ್ನಿಯ ಬಳಿಕ ಚಿಗುರು ಬಂದಿರುವಾಗ ಮಳೆ ಹಿಡಿದರೆ ಅಥಣಿ, ತಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರರಿಗೆ ನಿದ್ರೆಯಿಲ್ಲ. ಎಲೆಯ ಮೇಲೆ ಎಣ್ಣೆ ಬಿದ್ದಂಥ ಹಳದಿ ಚುಕ್ಕೆ, ಅದರ ಕೆಳಬದಿಗೆ ಬಿಳಿ ಬೂಷ್ಟು ಕಂಡರೆ ಅದು ಬೂಜುತುಪ್ಪಟ ರೋಗ. ರೈತರು ಡೌನಿ ಎನ್ನುತ್ತಾರೆ. ಹೂಗೊಂಚಲಿಗೆ ತಗಲಿದರೆ ವರ್ಷದ ಫಸಲೇ ಹೋಗಬಹುದು. ಹಿಂದೆ ಈ ರೋಗವನ್ನು ತಡೆದ ಔಷಧವನ್ನೇ ಅಳತೆ ತಪ್ಪದೆ ಸಿಂಪಡಿಸಿದರೂ ಕೆಲವೊಮ್ಮೆ ಅದು ನಿಲ್ಲುವುದಿಲ್ಲ. ಆಗ ಔಷಧ ಕಲಬೆರಕೆಯೆಂದು ಅಂಗಡಿಯವನನ್ನು ದೂರುವುದು ರೂಢಿ. ಅದು ನಿಜವೂ ಇರಬಹುದು. ಆದರೆ ರೋಗಾಣುವೇ ಬದಲಾಗಿರುವ ಸಂಭವವೂ ಇದೆ.

ಅಜಾಕ್ಸಿಸ್ಟ್ರೋಬಿನ್ ಎಂಬ ಔಷಧವು ರೋಗಾಣುವಿನ ಉಸಿರಾಟಕ್ಕೆ ಬೇಕಾದ ಒಂದೇ ಒಂದು ಪ್ರೋಟೀನಿಗೆ ಅಂಟಿಕೊಂಡು ಕೆಲಸ ಮಾಡುತ್ತದೆ. ಆ ಪ್ರೋಟೀನಿನ 143ನೆಯ ಸ್ಥಾನದಲ್ಲಿ ಗ್ಲೈಸಿನ್ ಬದಲು ಅಲನಿನ್ ಬಂದರೆ ಔಷಧ ಅಂಟುವುದಿಲ್ಲ. ಕೋಟಿಗಟ್ಟಲೆ ಬೀಜಾಣುಗಳಲ್ಲಿ ಹೀಗೆ ಬದಲಾದವು ಬೆರಳೆಣಿಕೆಯಷ್ಟಿದ್ದರೂ ಸಾಕು. ಔಷಧವು ಉಳಿದವನ್ನು ಕೊಂದು ಇವಕ್ಕೇ ಜಾಗ ಮಾಡಿಕೊಡುತ್ತದೆ. ಬಳಿಕ ಅಳತೆ ಇಮ್ಮಡಿಸಿದರೆ ಖರ್ಚು ಇಮ್ಮಡಿಯಾದೀತೇ ಹೊರತು ರೋಗ ತಗ್ಗದು. ನೆರೆಯ ಮಹಾರಾಷ್ಟ್ರದ ದ್ರಾಕ್ಷಿ ತೋಟಗಳಲ್ಲಿ ಇಂಥ ನಿರೋಧಕ ರೋಗಾಣು ಈಗಾಗಲೇ ಕಂಡುಬಂದಿದೆ. 1977ರಲ್ಲಿ ಬಂದ ಮೆಟಲಾಕ್ಸಿಲ್‌ಗೂ 1980ರ ಹೊತ್ತಿಗೇ ಯೂರೋಪಿನ ಆಲೂಗಡ್ಡೆ ಅಂಗಮಾರಿಯಲ್ಲಿ ಇದೇ ಗತಿಯಾಯಿತು.

ಹೆಸರು ಬದಲಿಸಿದರೆ ಔಷಧ ಬದಲಿಸಿದಂತೆ ಆಗುವುದಿಲ್ಲ. ಪೈರಾಕ್ಲೋಸ್ಟ್ರೋಬಿನ್, ಟ್ರೈಫ್ಲಾಕ್ಸಿಸ್ಟ್ರೋಬಿನ್ ಇವೆಲ್ಲ ಅಜಾಕ್ಸಿಸ್ಟ್ರೋಬಿನ್ ಗುಂಪಿನವೇ. ಆದ್ದರಿಂದ ಡಬ್ಬಿಯ ಮೇಲಿನ ದಪ್ಪಕ್ಷರದ ಹೆಸರನ್ನು ಬಿಟ್ಟು, ಸಣ್ಣಕ್ಷರದಲ್ಲಿರುವ ರಾಸಾಯನಿಕದ ಹೆಸರನ್ನು ಓದಬೇಕು. ಈ ಗುಂಪಿನದನ್ನು ಹಂಗಾಮಿಗೆ ಎರಡು ಸಲಕ್ಕಿಂತ ಹೆಚ್ಚು ಬಳಸದಿರುವುದು ಲೇಸು. ಅದನ್ನೂ ರೋಗ ಹರಡುವ ಮುನ್ನ, ಮ್ಯಾಂಕೋಜೆಬ್‌ನಂಥ ಸ್ಪರ್ಶ ಶಿಲೀಂಧ್ರನಾಶಕದೊಂದಿಗೆ ಸಿಂಪಡಿಸಬೇಕು. ನಿರೋಧಕತೆ ಖಚಿತವಾದ ತೋಟದಲ್ಲಿ ಡೌನಿಗೆಂದು ಈ ಗುಂಪನ್ನು ಕೈಬಿಡಬೇಕು.

ನೇಸರಗಿ, ಕಿತ್ತೂರು ಕಡೆ ಮಾವು ಹಾಕಿದವರಿಗೂ ಈ ಮಾತು ಅನ್ವಯಿಸುತ್ತದೆ. ಚಿಬ್ಬು ರೋಗಕ್ಕೆ ಕಾರ್ಬೆಂಡಜಿಮ್ ಸಾಲದೆಂದು ಥಯೋಫನೇಟ್ ಮಿಥೈಲ್ ತರುವವರಿದ್ದಾರೆ. ಅದು ಗಿಡದೊಳಗೆ ಹೋಗಿ ಕಾರ್ಬೆಂಡಜಿಮ್ಮೇ ಆಗುತ್ತದೆ! (ಡೌನಿಗಂತೂ ಇವೆರಡೂ ತಾಗುವುದೇ ಇಲ್ಲ.)

ಫ್ರಾನ್ಸಿನ ಮಿಲಾರ್ಡೆ 1885ರಲ್ಲಿ ಪ್ರಕಟಿಸಿದ ಬೋರ್ಡೋ ದ್ರಾವಣ ಮಾತ್ರ ಇಂದಿಗೂ ಡೌನಿಯನ್ನು ತಡೆಯುತ್ತಿದೆ. ತಾಮ್ರವು ರೋಗಾಣುವಿನ ಹಲವು ಕಡೆ ಒಟ್ಟಿಗೆ ಪೆಟ್ಟು ಹಾಕುವುದೇ ಕಾರಣ. ಚಾಟ್ನಿ ಮುಗಿದೊಡನೆ, ಚಿಗುರುವ ಮುನ್ನ, ಶೇ. 1ರ ದ್ರಾವಣವನ್ನು ಸಿಂಪಡಿಸಬೇಕು. 1 ಕಿ.ಗ್ರಾಂ ಮೈಲುತುತ್ತ, 1 ಕಿ.ಗ್ರಾಂ ಸುಣ್ಣ, 100 ಲೀಟರ್ ನೀರು ಸಾಕು. ಸಿದ್ಧವಾದ ದ್ರಾವಣದಲ್ಲಿ ಉಜ್ಜಿ ಹೊಳಪಾಗಿಸಿದ ಕುಡುಗೋಲನ್ನು ಅದ್ದಿ ನೋಡಿ, ತಾಮ್ರದ ಬಣ್ಣ ಹತ್ತಿದರೆ ಇನ್ನಷ್ಟು ಸುಣ್ಣದ ತಿಳಿ ಬೆರೆಸಿ ಅದೇ ದಿನ ಬಳಸಬೇಕು.