ವಯಸ್ಕರಿಗೆ ಕಂಪ್ಯೂಟರ್ ಕಲಿಸುವ ಬಗೆ

ಕಂಪ್ಯೂಟರ್ ತರಬೇತಿಗೆ ಬರುವ ವಯಸ್ಕರು ಬರಿಗೈಯಲ್ಲಿ ಬರುವುದಿಲ್ಲ. ಇಪ್ಪತ್ತು ವರ್ಷ ಸಂಬಳದ ಬಿಲ್ಲು ಬರೆದ ಗುಮಾಸ್ತರು, ಸಾವಿರಾರು ಮಕ್ಕಳ ಅಂಕಪಟ್ಟಿ ತಯಾರಿಸಿದ ಶಿಕ್ಷಕಿ, ಊರಿನ ಪ್ರತಿ ಸರ್ವೆ ನಂಬರನ್ನೂ ಬಾಯಲ್ಲೇ ಹೇಳಬಲ್ಲ ಗ್ರಾಮ ಲೆಕ್ಕಿಗರು ತಮ್ಮ ತಮ್ಮ ಕೆಲಸದಲ್ಲಿ ಪಳಗಿದವರು. ತರಬೇತಿ ಕೋಣೆಯೊಳಗೆ ಕಾಲಿಟ್ಟೊಡನೆ ಆ ಪರಿಣತಿ ಲೆಕ್ಕಕ್ಕೆ ಬಾರದಂತಾಗುತ್ತದೆ. ಮಗನ ವಯಸ್ಸಿನ ತರಬೇತುದಾರನ ಎದುರು ಮೌಸ್ ಹಿಡಿಯಲು ತಡವರಿಸಬೇಕಾಗುತ್ತದೆ. ಇಂಥ ತರಗತಿಗಳಲ್ಲಿ ಆಸಕ್ತಿಯ ಕೊರತೆಯೆಂದು ಕಾಣುವುದರಲ್ಲಿ ದೊಡ್ಡ ಪಾಲು ಈ ಮುಜುಗರದ್ದೇ. ಹಾಗಾಗಿ ವಯಸ್ಕರನ್ನು ಹುರಿದುಂಬಿಸುವ ಕೆಲಸ ಭಾಷಣದಿಂದ ಆಗುವಂಥದಲ್ಲ. ಪಾಠವನ್ನು ಕಟ್ಟುವ ರೀತಿಯಲ್ಲೇ ಅದು ಅಡಗಿರಬೇಕು.

ವಯಸ್ಕರ ಕಲಿಕೆಯನ್ನು ಬೇರೆಯಾಗಿಯೇ ನೋಡಬೇಕೆಂಬ ವಿಚಾರವನ್ನು ಜನಪ್ರಿಯಗೊಳಿಸಿದವರು ಅಮೆರಿಕದ ಶಿಕ್ಷಣ ಚಿಂತಕ ಮಾಲ್ಕಂ ನೋಲ್ಸ್. 1960ರ ದಶಕದ ಕೊನೆಯಿಂದ ಅವರು ಮಂಡಿಸಿದ ವಾದದ ತಿರುಳು ಇಷ್ಟು: ವಯಸ್ಕರಿಗೆ ಒಂದು ವಿಷಯವನ್ನು ಏಕೆ ಕಲಿಯಬೇಕೆಂಬುದು ಮೊದಲೇ ತಿಳಿದಿರಬೇಕು, ತಮ್ಮ ಕಲಿಕೆಯ ಹೊಣೆ ತಮ್ಮ ಕೈಯಲ್ಲಿರಬೇಕೆಂದು ಅವರು ಬಯಸುತ್ತಾರೆ, ಹಳೆಯ ಅನುಭವವೇ ಅವರ ದೊಡ್ಡ ಬಂಡವಾಳ, ಅಧ್ಯಾಯಗಳ ಕ್ರಮಕ್ಕಿಂತ ಎದುರಿಗಿರುವ ಸಮಸ್ಯೆ ಅವರಿಗೆ ಮುಖ್ಯ. 1970ರ ತಮ್ಮ ಪುಸ್ತಕದಲ್ಲಿ ನೋಲ್ಸ್ ಮಕ್ಕಳ ಶಿಕ್ಷಣವನ್ನೂ ವಯಸ್ಕರ ಶಿಕ್ಷಣವನ್ನೂ ಎದುರಾಳಿಗಳಂತೆ ನಿಲ್ಲಿಸಿದ್ದರು. 1980ರ ಪರಿಷ್ಕೃತ ಆವೃತ್ತಿಯ ಹೊತ್ತಿಗೆ ಆ ಗೆರೆಯನ್ನು ತಾವೇ ಸಡಿಲಿಸಿದರು. ಅದು ಸರಿಯಾದ ತಿದ್ದುಪಡಿ. ಏಕೆಂದರೆ ಏನೂ ಗೊತ್ತಿಲ್ಲದ ವಿಷಯಕ್ಕೆ ಬಂದಾಗ ಐವತ್ತರ ಹಿರಿಯರಿಗೂ ಕೈ ಹಿಡಿದು ನಡೆಸುವವರು ಬೇಕು. ಕಂಪ್ಯೂಟರ್ ಮುಂದೆ ಕೂರಿಸಿ ‘ನೀವೇ ಕಲಿತುಕೊಳ್ಳಿ’ ಎಂದುಬಿಡುವುದನ್ನು ಸ್ವಾತಂತ್ರ್ಯ ಎನ್ನಲಾಗದು.

ವಯಸ್ಸಾದಂತೆ ಕಲಿಯುವ ಶಕ್ತಿಯೇ ಬತ್ತುತ್ತದೆ ಎಂಬ ನಂಬಿಕೆ ಪೂರ್ತಿ ಸರಿಯಲ್ಲ. ಹೊಸದನ್ನು ಗ್ರಹಿಸುವ ವೇಗ ಕುಗ್ಗುತ್ತದೆ, ನಿಜ; ಆದರೆ ಕೂಡಿಟ್ಟ ತಿಳಿವಳಿಕೆ ಮತ್ತು ಪದಸಂಪತ್ತು ಬಹುಕಾಲ ಗಟ್ಟಿಯಾಗಿಯೇ ಇರುತ್ತವೆ. ತೊಡಕು ಹಲವು ಸಲ ಇನ್ನೂ ಸಣ್ಣದು. ನಲವತ್ತು ದಾಟಿದವರಿಗೆ ಚಾಳೀಸು ಬಂದಿರುತ್ತದೆ. ಎರಡು ಬಗೆಯ ಗಾಜಿರುವ ಕನ್ನಡಕದವರು ತೆರೆಯ ಮೇಲಿನ ಅಕ್ಷರ ಓದಲು ಕತ್ತೆತ್ತಿ ಕೂರಬೇಕಾಗಿ, ಅರ್ಧ ಗಂಟೆಯಲ್ಲಿ ಕುತ್ತಿಗೆ ನೋಯುತ್ತದೆ. ಡಬಲ್ ಕ್ಲಿಕ್ ಮಾಡುವಾಗ ಎರಡನೆಯ ಒತ್ತು ತಡವಾದರೆ ಫೈಲ್ ತೆರೆಯುವುದಿಲ್ಲ; ಕಲಿಯುವವರು ತಪ್ಪು ತಮ್ಮದೇ ಎಂದುಕೊಳ್ಳುತ್ತಾರೆ. ಅಕ್ಷರದ ಗಾತ್ರ ಹಿಗ್ಗಿಸಿ, ಮಾನಿಟರ್ ಕೆಳಗಿಳಿಸಿ, ಡಬಲ್ ಕ್ಲಿಕ್ ವೇಗವನ್ನು ಸೆಟ್ಟಿಂಗ್ಸ್‌ನಲ್ಲಿ ತಗ್ಗಿಸಿದರೆ ಈ ತೊಂದರೆ ಮುಗಿಯಿತು. ಮೌಸ್ ಅಭ್ಯಾಸಕ್ಕೆ ಆಟವಾಡಿಸಿದರೂ ನಷ್ಟವಿಲ್ಲ. 1990ರ ವಿಂಡೋಸ್ 3.0 ಜೊತೆಗೆ ಬಂದ ಸಾಲಿಟೇರ್ ಇಸ್ಪೀಟಾಟ ಎಷ್ಟೋ ಮಂದಿಗೆ ಎಳೆದು ಬಿಡುವುದನ್ನು ಅವರಿಗೇ ಅರಿವಿಲ್ಲದಂತೆ ಕಲಿಸಿತು.

ಆತ್ಮವಿಶ್ವಾಸದ ಪ್ರಶ್ನೆ ಇದಕ್ಕಿಂತ ಆಳದ್ದು. ‘ಇದು ನನ್ನಿಂದ ಆಗುತ್ತದೆ’ ಎಂಬ ನಂಬಿಕೆ ಎಲ್ಲಿಂದ ಹುಟ್ಟುತ್ತದೆ ಎಂಬುದನ್ನು ಮನೋವಿಜ್ಞಾನಿ ಆಲ್ಬರ್ಟ್ ಬಂಡೂರ 1977ರಲ್ಲಿ ವಿವರಿಸಿದರು. ಅವರು ಗುರುತಿಸಿದ ಮೂಲಗಳಲ್ಲಿ ಎಲ್ಲಕ್ಕಿಂತ ಬಲವಾದದ್ದು ಸ್ವತಃ ಮಾಡಿ ಗೆದ್ದ ಅನುಭವ. ತನ್ನಂಥವರೇ ಮಾಡಿದ್ದನ್ನು ಕಾಣುವುದು ಆಮೇಲಿನದು. ಇತರರ ಹುರಿದುಂಬಿಸುವ ಮಾತಿನ ಬಲ ಅದಕ್ಕೂ ಕಡಿಮೆ. ನಮ್ಮ ಬಹುತೇಕ ತರಬೇತಿಗಳು ಈ ಕ್ರಮವನ್ನು ತಲೆಕೆಳಗು ಮಾಡುತ್ತವೆ. ಮೊದಲ ಗಂಟೆ ಉದ್ಘಾಟನೆಗೆ, ಎರಡನೆಯದು ಡಿಜಿಟಲ್ ಯುಗದ ಮಹತ್ವಕ್ಕೆ, ಮೂರನೆಯದು ಸಿಪಿಯು, ರ‍್ಯಾಮ್, ಇನ್‌ಪುಟ್ ಸಾಧನ, ಔಟ್‌ಪುಟ್ ಸಾಧನಗಳ ವ್ಯಾಖ್ಯೆಗೆ. ಊಟದ ಹೊತ್ತಾದರೂ ಯಾರ ಕೈಯಿಂದಲೂ ಒಂದು ಸಾಲು ಮುದ್ರಣವಾಗಿ ಹೊರಬಂದಿರುವುದಿಲ್ಲ. ಮೊದಲ ಅರ್ಧ ಗಂಟೆಯಲ್ಲೇ ಪ್ರತಿಯೊಬ್ಬರೂ ತಮ್ಮ ಹೆಸರಿನ ಒಂದು ರಜೆ ಅರ್ಜಿ ಟೈಪಿಸಿ ಪ್ರಿಂಟ್ ತೆಗೆದರೆ ಉಳಿದ ದಿನದ ಹವೆಯೇ ಬೇರೆಯಾಗುತ್ತದೆ.

ಈ ನಿಟ್ಟಿನಲ್ಲಿ ಅತ್ಯಂತ ಉಪಯುಕ್ತ ಸಂಶೋಧನೆ ನಡೆದದ್ದು 1980ರ ದಶಕದಲ್ಲಿ, ಅಮೆರಿಕದ ಐಬಿಎಂ ವಾಟ್ಸನ್ ಸಂಶೋಧನಾ ಕೇಂದ್ರದಲ್ಲಿ. ಕಂಪ್ಯೂಟರ್ ಬಳಸಿ ಗೊತ್ತಿಲ್ಲದ ಕಚೇರಿ ನೌಕರರು ಪತ್ರ ಟೈಪಿಸುವ ಯಂತ್ರಗಳನ್ನು ಹೇಗೆ ಕಲಿಯುತ್ತಾರೆ ಎಂಬುದನ್ನು ಜಾನ್ ಕ್ಯಾರಲ್ ಮತ್ತು ಸಂಗಡಿಗರು ಪಕ್ಕದಲ್ಲೇ ಕುಳಿತು ಗಮನಿಸಿದರು. ಕೈಪಿಡಿಯನ್ನು ಮೊದಲಿನಿಂದ ಕೊನೆಯವರೆಗೆ ಯಾರೂ ಓದುತ್ತಿರಲಿಲ್ಲ. ಪುಟ ಹಾರಿಸಿ, ನೇರವಾಗಿ ಪತ್ರ ಟೈಪಿಸಲು ತೊಡಗುತ್ತಿದ್ದರು. ಎಡವಿದಾಗ ತಮಗೆ ತೋಚಿದ ಕಾರಣವನ್ನು ಕಟ್ಟಿಕೊಳ್ಳುತ್ತಿದ್ದರು. ಒಂದು ತಪ್ಪಿನಿಂದ ಇನ್ನೊಂದಕ್ಕೆ ಸಿಕ್ಕು ಬೆಳೆಯುತ್ತಿತ್ತು. ಕೈಪಿಡಿಯಲ್ಲಿ ಪೀಠಿಕೆ, ಸಾರಾಂಶ, ಅಭ್ಯಾಸ ಎಲ್ಲವೂ ಇದ್ದವು. ತಪ್ಪಾದಾಗ ಹೊರಬರುವುದು ಹೇಗೆ ಎಂಬುದಕ್ಕೆ ಮಾತ್ರ ಸರಿಯಾದ ಜಾಗವಿರಲಿಲ್ಲ.

ಕಲಿಯುವವರನ್ನು ಗದರಿ ಓದಿಸುವ ಬದಲು ಕ್ಯಾರಲ್ ಕೈಪಿಡಿಯನ್ನೇ ಬದಲಿಸಿದರು. ಪೀಠಿಕೆಗಳನ್ನು ಕಿತ್ತುಹಾಕಿ, ನಿಜವಾದ ಕೆಲಸಗಳ ಸುತ್ತ ಪಾಠ ಕಟ್ಟಿ, ಸಾಮಾನ್ಯ ತಪ್ಪುಗಳಿಂದ ಪಾರಾಗುವ ದಾರಿಯನ್ನು ಅಲ್ಲಲ್ಲೇ ಬರೆದರು. ಆ ಕಿರು ಕೈಪಿಡಿ ಹಿಡಿದವರು ಮೊದಲಿನವರಿಗಿಂತ ಕಡಿಮೆ ಸಮಯದಲ್ಲಿ ಕಲಿತರು. ಇನ್ನೊಂದು ಪ್ರಯೋಗದಲ್ಲಿ ಹೊಸಬರಿಗೆ ಬೇಡವಾದ ಆಯ್ಕೆಗಳನ್ನು ಯಂತ್ರದಲ್ಲೇ ಮುಚ್ಚಿಡಲಾಯಿತು: ಅವುಗಳನ್ನು ಒತ್ತಿದರೆ ಈ ಸೌಲಭ್ಯ ಸದ್ಯಕ್ಕಿಲ್ಲ ಎಂಬ ಸೂಚನೆ ಬರುತ್ತಿತ್ತು, ಹಾಳಾಗುವುದೇನೂ ಇರಲಿಲ್ಲ. ಸೈಕಲ್ ಕಲಿಯುವ ಮಕ್ಕಳಿಗೆ ಪಕ್ಕದಲ್ಲೆರಡು ಪುಟ್ಟ ಗಾಲಿ ಜೋಡಿಸುವ ಉಪಾಯವಿದು. 1990ರಲ್ಲಿ ಈ ಶೋಧಗಳನ್ನು ಪುಸ್ತಕವಾಗಿಸಿದಾಗ ಅದರ ಹೆಸರಿಗೆ ಕ್ಯಾರಲ್ ಆರಿಸಿಕೊಂಡದ್ದು ನ್ಯೂರೆಂಬರ್ಗ್ ಆಲಿಕೆಯನ್ನು, ಅಂದರೆ ತಲೆಗೆ ಇಟ್ಟು ವಿದ್ಯೆ ಸುರಿಯಬಹುದೆಂದು ಜರ್ಮನ್ನರು ಹಾಸ್ಯಮಾಡುವ ಕಾಲ್ಪನಿಕ ಸಾಧನವನ್ನು. ಮೂರು ದಿನದಲ್ಲಿ ವರ್ಡ್, ಎಕ್ಸೆಲ್, ಪವರ್‌ಪಾಯಿಂಟ್, ಇಂಟರ್ನೆಟ್ ಎಲ್ಲವನ್ನೂ ಮುಗಿಸುವ ನಮ್ಮ ವೇಳಾಪಟ್ಟಿಗಳು ಆ ಆಲಿಕೆಯನ್ನು ಇನ್ನೂ ನಂಬಿರುವಂತಿವೆ.

ಕೆಲಸದ ಸುತ್ತ ಪಾಠ ಕಟ್ಟುವುದೆಂದರೆ ಕಲಿಯುವವರ ಸ್ವಂತ ಕಾಗದಪತ್ರವನ್ನೇ ಮೇಜಿನ ಮೇಲೆ ತರಿಸುವುದು. ಶಾಲಾ ಶಿಕ್ಷಕಿಗೆ ಎಕ್ಸೆಲ್ ಕಲಿಸಲು ಯಾವುದೋ ಕಂಪನಿಯ ಮಾರಾಟದ ಪಟ್ಟಿ ಬೇಕಿಲ್ಲ. ಅವರ ತರಗತಿಯ ಅಂಕಗಳಿವೆ. ಒಟ್ಟು ಕೂಡಿಸುವ ಸೂತ್ರ ಮೊದಲ ಸಲ ಕೆಲಸ ಮಾಡಿದಾಗ ಅವರು ಉಳಿಯಲಿರುವ ಸಂಜೆಗಳ ಲೆಕ್ಕ ಹಾಕುತ್ತಾರೆ. ಕಚೇರಿಯ ವಿಷಯ ನಿರ್ವಾಹಕರಿಗೆ ಇ-ಆಫೀಸ್ ಹೇಳಿಕೊಡುವಾಗ ಟಪಾಲು, ಕಡತ, ಟಿಪ್ಪಣಿ, ಮೇಲಧಿಕಾರಿಗೆ ಮಂಡನೆ ಎಂಬ ಅವರದೇ ಹಾದಿಯಿಂದ ಹೊರಟರೆ, ತೆರೆಯ ಮೇಲಿನ ಪ್ರತಿ ಗುಂಡಿಗೂ ಅವರಿಗೆ ಗೊತ್ತಿರುವ ಒಂದು ಜಾಗ ಸಿಗುತ್ತದೆ. ಭಾಷೆಯ ಪ್ರಶ್ನೆಯೂ ಇಲ್ಲೇ ಬರುತ್ತದೆ. ಮೆನುಗಳು ಇಂಗ್ಲಿಷಿನಲ್ಲಿದ್ದರೂ ವಿವರಣೆ ಕನ್ನಡದಲ್ಲಿರಬೇಕು, ಟೈಪಿಂಗ್ ಅಭ್ಯಾಸವೂ ಕನ್ನಡದಲ್ಲೇ ಶುರುವಾಗಬೇಕು. ಕೆ.ಪಿ. ರಾವ್ ರೂಪಿಸಿದ ಧ್ವನಿ ಆಧಾರಿತ ಕೀಲಿಮಣೆ ವಿನ್ಯಾಸ ಇದನ್ನು ಎಷ್ಟೋ ಹಗುರ ಮಾಡಿದೆ.

ತರಗತಿಯೊಳಗಿನ ನಡವಳಿಕೆಯಲ್ಲಿ ಒಂದು ನಿಯಮ ಉಳಿದೆಲ್ಲಕ್ಕಿಂತ ಮುಖ್ಯ: ತರಬೇತುದಾರರು ಕಲಿಯುವವರ ಮೌಸ್ ಮುಟ್ಟಬಾರದು. ‘ತಡೀರಿ ಸಾರ್, ನಾನು ಮಾಡಿಕೊಡ್ತೀನಿ’ ಎನ್ನುವುದು ಉಪಕಾರದಂತೆ ಕಾಣುತ್ತದೆ. ಕ್ಷಣದಲ್ಲಿ ಕೆಲಸವೂ ಮುಗಿಯುತ್ತದೆ, ಕಲಿಕೆಯೂ ಅಲ್ಲಿಗೇ ಮುಗಿಯುತ್ತದೆ. ‘ಇದು ತುಂಬಾ ಸುಲಭ’ ಎಂಬ ಮಾತೂ ಅಪಾಯಕಾರಿ. ಸುಲಭವಾದದ್ದೇ ಬಾರದಿದ್ದರೆ ತಾನು ದಡ್ಡನಿರಬೇಕೆಂಬ ತೀರ್ಮಾನಕ್ಕೆ ಕಲಿಯುವವರು ಬರುತ್ತಾರೆ. ಎಲ್ಲರ ಮುಂದೆ ಕೈ ಎತ್ತಿ ಕೇಳಲು ಹಿರಿಯರು ಹಿಂಜರಿಯುತ್ತಾರೆ. ವಿಜ್ಞಾನಿಗಳಿಗೆ ಪ್ರೋಗ್ರಾಮಿಂಗ್ ಕಲಿಸಲು 1998ರಲ್ಲಿ ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಾಲಯದಲ್ಲಿ ಆರಂಭವಾದ ಸಾಫ್ಟ್‌ವೇರ್ ಕಾರ್ಪೆಂಟ್ರಿ ಎಂಬ ಕಾರ್ಯಕ್ರಮದ ಶಿಬಿರಗಳಲ್ಲಿ ಇದಕ್ಕೊಂದು ಸರಳ ಉಪಾಯ ರೂಢಿಯಲ್ಲಿದೆ. ಪ್ರತಿಯೊಬ್ಬರಿಗೂ ಎರಡು ಬಣ್ಣದ ಅಂಟುಚೀಟಿ ಕೊಡುತ್ತಾರೆ. ಕೆಲಸ ಮುಗಿದಾಗ ಒಂದು, ಸಹಾಯ ಬೇಕಾದಾಗ ಇನ್ನೊಂದು ಲ್ಯಾಪ್‌ಟಾಪ್ ಮೇಲೆ ಏರುತ್ತದೆ. ಅದೇ ಶಿಬಿರಗಳಲ್ಲಿ ಬೋಧಕರು ಸಿದ್ಧ ಸ್ಲೈಡುಗಳ ಬದಲು ಎಲ್ಲರೆದುರು ಟೈಪಿಸುತ್ತಲೇ ಕಲಿಸುತ್ತಾರೆ. ಬೋಧಕರೂ ತಪ್ಪುತ್ತಾರೆ, ತಪ್ಪಿದ್ದನ್ನು ಹೀಗೆ ಹುಡುಕಿ ತಿದ್ದುತ್ತಾರೆ ಎಂಬುದನ್ನು ಕಾಣುವುದೂ ಅಲ್ಲಿ ಪಾಠದ ಭಾಗವೇ.

ನಮ್ಮಲ್ಲಿ ಹುದ್ದೆಯ ಏಣಿಶ್ರೇಣಿ ಇನ್ನೊಂದು ಗೋಡೆ. ಅಧಿಕಾರಿ ಮತ್ತು ದ್ವಿತೀಯ ದರ್ಜೆ ಸಹಾಯಕರು ಒಂದೇ ಸಾಲಿನಲ್ಲಿ ಕೂತರೆ ಇಬ್ಬರೂ ಪ್ರಶ್ನೆ ಕೇಳುವುದಿಲ್ಲ. ಸಮಾನ ದರ್ಜೆಯವರನ್ನು ಒಟ್ಟಿಗೆ ಕೂರಿಸುವುದು ಲೇಸು. ಆದರೂ ಅಧಿಕಾರಿಗೆ ಒಂದು ತಪ್ಪಿಸಿಕೊಳ್ಳುವ ದಾರಿ ಇದ್ದೇ ಇರುತ್ತದೆ: ಪಾಸ್‌ವರ್ಡನ್ನು ಡೇಟಾ ಎಂಟ್ರಿ ಆಪರೇಟರಿಗೆ ಒಪ್ಪಿಸಿಬಿಡುವುದು. ಕರ್ನಾಟಕದ ಪಹಣಿ ದಾಖಲೆಗಳನ್ನು ಗಣಕೀಕರಿಸಿದ ಭೂಮಿ ಯೋಜನೆಯಲ್ಲಿ ದಾಖಲೆ ಬದಲಿಸುವ ಸಿಬ್ಬಂದಿಯ ಗುರುತಿಗೆ ಬೆರಳಚ್ಚನ್ನು ಬಳಸಲಾಯಿತು. ಅದರ ಮುಖ್ಯ ಉದ್ದೇಶ ಹೊಣೆಗಾರಿಕೆ. ಬೆರಳನ್ನು ಇನ್ನೊಬ್ಬರಿಗೆ ಒಪ್ಪಿಸಲಾಗದಾದ್ದರಿಂದ ಸಂಬಂಧಪಟ್ಟವರೇ ಯಂತ್ರದ ಮುಂದೆ ಬರಬೇಕಾಯಿತು ಎಂಬುದು ಅದರ ಜೊತೆಗೆ ದಕ್ಕಿದ ಲಾಭ.

ಕಡ್ಡಾಯದ ಪರಿಣಾಮ ಇಷ್ಟು ನೇರವಲ್ಲ. ರಾಜ್ಯ ಸರ್ಕಾರಿ ನೌಕರರಿಗೆ 2012ರ ನಿಯಮಗಳ ಪ್ರಕಾರ ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆ ಬಂತು. ಬಡ್ತಿಯನ್ನು ಅದಕ್ಕೆ ಜೋಡಿಸಲಾಯಿತು. ತೇರ್ಗಡೆಗೆ ಕೊಟ್ಟ ಗಡುವನ್ನು ಮತ್ತೆ ಮತ್ತೆ ವಿಸ್ತರಿಸಬೇಕಾಯಿತು ಎಂಬುದೇ ಒತ್ತಡದ ಮಿತಿಯನ್ನು ತೋರಿಸುತ್ತದೆ. ಪರೀಕ್ಷೆ ಜನರನ್ನು ತರಬೇತಿ ಕೋಣೆಗೆ ಕರೆತರಬಲ್ಲದು, ಅದು ಸಣ್ಣ ಕೆಲಸವೇನಲ್ಲ. ಆದರೆ ಪ್ರಶ್ನೆಪತ್ರಿಕೆಗಾಗಿ ಕಲಿತದ್ದು ಪ್ರಮಾಣಪತ್ರ ಬಂದ ವಾರದಲ್ಲೇ ಕರಗುತ್ತದೆ. ಗ್ರಾಮೀಣ ಕುಟುಂಬಗಳಿಗಾಗಿ 2017ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಡಿಜಿಟಲ್ ಸಾಕ್ಷರತಾ ಅಭಿಯಾನ 14ರಿಂದ 60 ವರ್ಷದವರಿಗೆ 20 ಗಂಟೆಗಳ ತರಬೇತಿಯನ್ನು ಗೊತ್ತುಮಾಡಿತು. ಅದನ್ನು ಒಂದೇ ಏಟಿಗೆ ಮುಗಿಸದೆ 10ರಿಂದ 30 ದಿನಗಳಿಗೆ ಹಂಚಿದ್ದು ಜಾಣತನ.

ಏಕೆಂದರೆ ಮರೆವು ಎಲ್ಲರಿಗೂ ಒಂದೇ. ಅಭ್ಯಾಸವಿಲ್ಲದ ಕಲಿಕೆ ಮೊದಲ ಕೆಲವು ಗಂಟೆ, ದಿನಗಳಲ್ಲೇ ಬಹಳಷ್ಟು ಸೋರಿಹೋಗುತ್ತದೆ ಎಂದು ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್ ತಮ್ಮ ಮೇಲೆಯೇ ಪ್ರಯೋಗ ಮಾಡಿಕೊಂಡು 1885ರಲ್ಲೇ ತೋರಿಸಿದ್ದರು. ಮಾರ್ಚಿನಲ್ಲಿ ತರಬೇತಿ, ಆಗಸ್ಟಿನಲ್ಲಿ ಸಾಫ್ಟ್‌ವೇರ್ ಎಂಬ ವ್ಯವಸ್ಥೆಯಲ್ಲಿ ಎರಡೂ ಖರ್ಚು ದಂಡ. ಕಚೇರಿಯಲ್ಲಿ ಯಂತ್ರ ಸಿದ್ಧವಾದ ವಾರದಲ್ಲೇ ಅರ್ಧ ದಿನದ ಪಾಠ, ಹತ್ತು ದಿನ ಬಿಟ್ಟು ಇನ್ನರ್ಧ ದಿನ, ನಡುವೆ ಮೇಜಿನ ಗಾಜಿನಡಿ ಇಡಬಹುದಾದ ಒಂದು ಪುಟದ ಕನ್ನಡ ಸೂಚನೆ, ಕರೆದರೆ ಬರುವ ಪಕ್ಕದ ಕುರ್ಚಿಯ ಸಹೋದ್ಯೋಗಿ: ಖರ್ಚು ಕಡಿಮೆ, ಫಲ ಹೆಚ್ಚು.

ಫಲವನ್ನು ಅಳೆಯುವುದು ಎಲ್ಲಿ ಎಂಬುದು ಉಳಿದಿರುವ ಪ್ರಶ್ನೆ. ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಿಂದ ಬರೆದ ಲೇಖನಗಳಲ್ಲಿ ತರಬೇತಿಯ ಮೌಲ್ಯಮಾಪನಕ್ಕೆ ನಾಲ್ಕು ಮಜಲುಗಳನ್ನು ಹೇಳಿದ್ದರು: ಬಂದವರಿಗೆ ಹಿಡಿಸಿತೇ, ಅವರು ಕಲಿತರೇ, ಕೆಲಸದಲ್ಲಿ ಅದನ್ನು ಬಳಸುತ್ತಿದ್ದಾರೆಯೇ, ಸಂಸ್ಥೆಗೆ ಅದರಿಂದ ಪ್ರಯೋಜನವಾಯಿತೇ. ಕೊನೆಯ ದಿನ ಚಹಾದ ಜೊತೆಗೆ ತುಂಬಿಸಿಕೊಳ್ಳುವ ಅಭಿಪ್ರಾಯ ಪತ್ರ ಮೊದಲನೆಯದಕ್ಕೆ ಮಾತ್ರ ಉತ್ತರ. ಅದರಲ್ಲಿ ಸಾಮಾನ್ಯವಾಗಿ ಎಲ್ಲರೂ ‘ಉತ್ತಮ’ ಎಂದೇ ಗುರುತು ಹಾಕಿರುತ್ತಾರೆ. ಮೂರನೆಯದನ್ನು ತಿಳಿಯಬೇಕಾದರೆ ತರಬೇತುದಾರರು ತಿಂಗಳ ನಂತರ ಅದೇ ಕಚೇರಿಗೆ ಹೋಗಿ, ಯಾರು ಯಾವ ಕಡತವನ್ನು ತಾವೇ ತೆರೆಯುತ್ತಿದ್ದಾರೆ, ಯಾರು ಯಾವ ಹಂತದಲ್ಲಿ ನಿಂತುಬಿಟ್ಟಿದ್ದಾರೆ ಎಂದು ನೋಡಬೇಕು. ಮುಂದಿನ ತರಬೇತಿಯ ಪಠ್ಯ ಆ ನಿಂತ ಜಾಗಗಳ ಪಟ್ಟಿಯಿಂದಲೇ ತಯಾರಾಗುತ್ತದೆ.