ಸೀಸದ ತಗಡಿನಿಂದ ಎದ್ದ ಹಾಡು

ಫ್ರಾನ್ಸಿನ ಶಮಾಲಿಯೇರ್ ಎಂಬಲ್ಲಿ ಒಂದು ಚಿಲುಮೆಯ ಬಳಿ 1971ರಲ್ಲಿ ಅಗೆತ ನಡೆಸುತ್ತಿದ್ದವರಿಗೆ ಸೀಸದ ತಗಡೊಂದು ಸಿಕ್ಕಿತು. ಅಂಗೈಯಲ್ಲಿ ಅಡಗುವಷ್ಟು ಚಿಕ್ಕದು. ಅದರ ಮೇಲೆ ರೋಮನ್ ಅಕ್ಷರಗಳಲ್ಲಿ ಗೀರಿದ ಹನ್ನೆರಡು ಸಾಲುಗಳಿದ್ದವು. ಭಾಷೆ ಮಾತ್ರ ಲ್ಯಾಟಿನ್ ಅಲ್ಲ, ಗಾಲಿಷ್. ಯಾರೋ ಕೆಲವರು ಮಾಪೊನೊಸ್ ಎಂಬ ದೇವರಿಗೆ ಮೊರೆಯಿಟ್ಟು ಅದನ್ನು ನೀರಿಗೆ ಒಪ್ಪಿಸಿದ್ದರು. ಸುಮಾರು ಎರಡು ಸಾವಿರ ವರ್ಷಗಳ ಅನಂತರ, 2009ರಲ್ಲಿ, ಆ ಮೊರೆ ಒಂದು ಮೆಟಲ್ ತಂಡದ ಆಲ್ಬಂನಲ್ಲಿ ಹಾಡಾಯಿತು.

ತಂಡದ ಹೆಸರು ಎಲುವೇಟಿ. ಸ್ವಿಟ್ಜರ್ಲೆಂಡಿನ ವಿಂಟರ್ತೂರ್ ನಗರದಲ್ಲಿ 2002ರಲ್ಲಿ ಕ್ರಿಗೆಲ್ ಗ್ಲಾನ್ಸ್‌ಮನ್ ಕಟ್ಟಿದ್ದು. ಇಟಲಿಯ ಮಾಂಟುವಾದಲ್ಲಿ ದೊರೆತ ಒಂದು ಪ್ರಾಚೀನ ಪಾತ್ರೆಯ ಮೇಲೆ ಕೊರೆದಿದ್ದ ಹೆಸರು ಅದು. 'ಹೆಲ್ವೇಟಿಯದವನು' ಎಂದು ಅರ್ಥ ಮಾಡುತ್ತಾರೆ. ಕ್ರಿ.ಪೂ. 58ರಲ್ಲಿ ಜೂಲಿಯಸ್ ಸೀಸರನಿಂದ ಸೋತ ಈ ಕೆಲ್ಟಿಕ್ ಬುಡಕಟ್ಟಿನ ಹೆಸರನ್ನು ಸ್ವಿಸ್ ನಾಣ್ಯಗಳು ಈಗಲೂ ಹೊತ್ತಿವೆ.

ವಿದ್ಯುತ್ ಗಿಟಾರಿನ ಅಬ್ಬರಕ್ಕೆ ಜನಪದ ವಾದ್ಯಗಳನ್ನು ಬೆಸೆಯುವ ಫೋಕ್ ಮೆಟಲ್ ತೊಂಬತ್ತರ ದಶಕದ ಆರಂಭದಲ್ಲಿ ಇಂಗ್ಲೆಂಡ್, ಐರ್ಲೆಂಡ್‌ಗಳಲ್ಲಿ ರೂಪುಗೊಂಡಿತು. 'ಇವೊಕೇಶನ್ 1: ದಿ ಆರ್ಕೇನ್ ಡೊಮಿನಿಯನ್' ಎಂಬ ಈ ಆಲ್ಬಂನಲ್ಲಾದರೋ ಆ ಅಬ್ಬರವನ್ನು ಬಹುಮಟ್ಟಿಗೆ ಬದಿಗಿಡಲಾಗಿದೆ. ಕೊಳಲು, ಪಿಟೀಲುಗಳ ಜೊತೆಗೆ ಹರ್ಡಿಗರ್ಡಿ ಎಂಬ ವಾದ್ಯವಿದೆ: ಹಿಡಿಯನ್ನು ತಿರುಗಿಸಿದರೆ ಚಕ್ರವೊಂದು ತಂತಿಗಳನ್ನು ಉಜ್ಜುತ್ತದೆ, ಕೆಲವು ತಂತಿಗಳು ತಂಬೂರಿಯಂತೆ ಶ್ರುತಿ ಹಿಡಿದಿರುತ್ತವೆ. ಅದನ್ನು ನುಡಿಸಿದ ಅನ್ನಾ ಮರ್ಫಿಯವರದೇ ಇಲ್ಲಿನ ಮುಖ್ಯ ಕಂಠ. ಹಾಡುಗಳು ಹೆಚ್ಚಾಗಿ ಗಾಲಿಷ್‌ನಲ್ಲಿವೆ.

ಆದರೆ ಸತ್ತ ಭಾಷೆಯಲ್ಲಿ ಹಾಡುವುದು ಹೇಗೆ? ಐರ್ಲೆಂಡಿನ ಪುರಾಣಗಳನ್ನು ಕ್ರೈಸ್ತ ಸಂನ್ಯಾಸಿಗಳು ಬರೆದಿಟ್ಟರು. ಅಲ್ಲಿನ ಕಲಾವಿದನಿಗೆ ಕಥೆಗಳ ಕಣಜವೇ ಉಂಟು. ಗಾಲ್ ನಾಡಿನಲ್ಲಿ ಹಾಗಾಗಲಿಲ್ಲ. ಅಲ್ಲಿನ ಡ್ರೂಯಿಡ್ ಪುರೋಹಿತರು ತಮ್ಮ ವಿದ್ಯೆಯನ್ನು ಬರಹಕ್ಕಿಳಿಸುವುದು ತಪ್ಪೆಂದು ಭಾವಿಸಿದ್ದರು, ಕೆಲವರು ಇಪ್ಪತ್ತು ವರ್ಷ ಕಲಿಯುತ್ತಿದ್ದರು ಎಂದು ಸೀಸರನೇ ಬರೆದಿದ್ದಾನೆ. ವೇದಪಾಠದ ಪರಂಪರೆಯನ್ನು ಬಲ್ಲವರಿಗೆ ಇದರಲ್ಲಿ ಅಚ್ಚರಿಯೇನಿಲ್ಲ. ವ್ಯತ್ಯಾಸವೆಂದರೆ ಗಾಲ್‌ನಲ್ಲಿ ಕಂಠಪಾಠದ ಸರಪಳಿ ತುಂಡಾಯಿತು. ಕೊಂಬುಳ್ಳ ಕೆರ್ನುನ್ನೊಸ್‌ನ ಹೆಸರು, ಆಕೃತಿ ಪ್ಯಾರಿಸ್ಸಿನ ಒಂದು ಕಲ್ಲಿನಲ್ಲಿವೆ. ಅವನ ಕಥೆ ಎಲ್ಲೂ ಇಲ್ಲ. ಕುದುರೆಗಳ ದೇವತೆ ಎಪೋನಾಳನ್ನು ರೋಮನ್ ರಾವುತರೂ ಪೂಜಿಸಿದರು. ಅವಳ ಹೆಸರಿನಲ್ಲಿರುವ 'ಎಪೊಸ್' ಸಂಸ್ಕೃತದ 'ಅಶ್ವ'ಕ್ಕೆ ನಂಟು; ಭಾಷಾಶಾಸ್ತ್ರ ಇಷ್ಟನ್ನು ಹೇಳಬಲ್ಲದು, ಅವಳ ಪುರಾಣವನ್ನಲ್ಲ.

ಆದ್ದರಿಂದಲೇ ತಂಡ ತಗಡುಗಳ ಮೊರೆಹೊಕ್ಕಿತು. ಶಮಾಲಿಯೇರ್‌ನ ಪಠ್ಯ 'ದೆಸ್ಸುಮೀಸ್ ಲುಗೆ' ಹಾಡಾಯಿತು. ಲಾರ್ಜಾಕ್‌ನ ಸಮಾಧಿಯಲ್ಲಿ 1983ರಲ್ಲಿ ಸಿಕ್ಕ ಮತ್ತೊಂದು ತಗಡಿನಲ್ಲಿ ಹೆಂಗಸರ ಹೆಸರುಗಳೂ ಮಾಟದ ಮಾತುಗಳೂ ಇವೆ. ಅದರ ಭಾಗದಿಂದ 'ಬ್ರಿಕ್ತೊಮ್' ಬಂತು. ಮಾಟವೆಂದೇ ಆ ಪದಕ್ಕೆ ಅರ್ಥ. ಯಾರ ಮೇಲೋ ಮಾಡಿದ್ದ ಮಾಟ ರಂಗದ ಮೇಲೆ ಚಪ್ಪಾಳೆ ಗಿಟ್ಟಿಸುವುದೆಂದರೆ ವಿಚಿತ್ರವೇ ಸರಿ!

ಎರಡೂ ತಗಡುಗಳ ಅನೇಕ ಪದಗಳ ಬಗ್ಗೆ ವಿದ್ವಾಂಸರಲ್ಲಿ ಇನ್ನೂ ಒಮ್ಮತವಿಲ್ಲ. ಉಚ್ಚಾರಣೆಯೂ ಊಹೆಯನ್ನು ಬೆರೆಸಿದ ಪುನಾರಚನೆ. ರಾಗವಂತೂ ತಗಡಿನಲ್ಲಿ ಇರಲೇ ಇಲ್ಲ. ಕೇಳುಗ ಇದನ್ನು ಪ್ರಾಚೀನ ಗಾಲ್ ಜನರ ಸಂಗೀತವೆಂದು ತಿಳಿದರೆ ಮೋಸಹೋದಂತೆ. ಪದಗಳಷ್ಟೇ ಹಳೆಯವು. ಆದರೂ ವಸ್ತುಸಂಗ್ರಹಾಲಯದ ಗಾಜಿನೊಳಗೆ ಮೂಕವಾಗಿದ್ದ ಸಾಲುಗಳನ್ನು ಸಾವಿರಾರು ಯುವಕರು ಬಾಯಿಪಾಠವಾಗಿ ಹಾಡುವಂತಾದದ್ದು ಸಣ್ಣ ಸಂಗತಿಯಲ್ಲ.

ಈ ಸರಣಿಯ ಎರಡನೆಯ ಭಾಗ 'ಪ್ಯಾಂಥಿಯನ್' 2017ರಲ್ಲಿ ಬಂತು. ಅದರ ಬಹುತೇಕ ಹಾಡುಗಳಿಗೆ ಶೀರ್ಷಿಕೆ ಒಂದೊಂದು ದೇವರ ಹೆಸರು: ಎಪೋನಾ, ತಾರಾನಿಸ್, ಕೆರ್ನುನ್ನೊಸ್, ಲುಗುಸ್.