ಹೈಸ್ಕೂಲು ಮೈದಾನ: ಊರಿನ ಖರ್ಚಿಲ್ಲದ ಔಷಧಿ

"ದಿನಕ್ಕೆ ಅರ್ಧ ಗಂಟೆ ನಡೆಯಿರಿ" ಎಂದು ವೈದ್ಯರು ಚೀಟಿಯಲ್ಲಿ ಬರೆದು ಕೊಡುತ್ತಾರೆ. ಚೀಟಿ ಹಿಡಿದು ಮನೆಗೆ ಬಂದ ಮೇಲೆ ಪ್ರಶ್ನೆ ಏಳುತ್ತದೆ: ನಡೆಯುವುದಾದರೂ ಎಲ್ಲಿ? ರಸ್ತೆಗಿಳಿದರೆ ಲಾರಿ, ಬಸ್ಸು, ಬೈಕು. ನಸುಕಿನಲ್ಲಿ ಹೊರಟರೆ ಬೀದಿನಾಯಿಗಳ ಕಾಟ. ಹೆಣ್ಣುಮಕ್ಕಳಿಗಂತೂ ಒಬ್ಬರೇ ಹೊರಡಲು ಸಂಕೋಚ. ಕೊನೆಗೆ ಮಾತ್ರೆಯನ್ನಷ್ಟೇ ನುಂಗಿ ನಡಿಗೆಯನ್ನು ನಾಳೆಗೆ ಮುಂದೂಡುತ್ತೇವೆ. ಆ ನಾಳೆ ಬರುವುದೇ ಇಲ್ಲ.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನಂತಹ ಊರುಗಳಲ್ಲಿ ಈ ಪ್ರಶ್ನೆಗೆ ಸುಲಭದ ಉತ್ತರವೊಂದಿದೆ. ಅದೇ ಸರ್ಕಾರಿ ಹೈಸ್ಕೂಲಿನ ಮೈದಾನ. ವಾಹನಗಳಿಲ್ಲದ, ಹಣ ಕೇಳದ, ಎಲ್ಲರಿಗೂ ಗೊತ್ತಿರುವ ಜಾಗ ಅದು. ಶಾಲೆಯ ಗಂಟೆ ಹೊಡೆಯುವ ಮೊದಲು ಮತ್ತು ಶಾಲೆ ಬಿಟ್ಟ ನಂತರ ಅದು ಖಾಲಿಯಾಗಿಯೇ ಇರುತ್ತದೆ. ಆ ವೇಳೆಯನ್ನು ಊರಿನವರು ಬಳಸಿಕೊಂಡರೆ ಆಗುವ ಲಾಭ ಸಣ್ಣದಲ್ಲ.

ದುಡಿಯುವವರಿಗೂ ವ್ಯಾಯಾಮ ಬೇಕೆ?

"ನಾವು ಪೇಟೆಯವರಲ್ಲ, ಹೊಲ-ತೋಟದಲ್ಲಿ ದುಡಿಯುವವರು. ನಮಗೇಕೆ ವಾಕಿಂಗು?" ಎಂದು ನೀವು ಕೇಳಬಹುದು. ಆದರೆ ಒಮ್ಮೆ ಯೋಚಿಸಿ. ಚನ್ನಗಿರಿ, ನ್ಯಾಮತಿ ಕಡೆ ಅಡಿಕೆ ಸುಲಿಯಲು ಕುಳಿತರೆ ಗಂಟೆಗಟ್ಟಲೆ ಏಳುವಂತಿಲ್ಲ. ಕೈಗೆ ಮಾತ್ರ ಕೆಲಸ, ಕಾಲಿಗೆ ಜೋಮು, ಸೊಂಟಕ್ಕೆ ನೋವು. ಹೊನ್ನಾಳಿ ಕಡೆಯ ಭತ್ತದ ನಾಟಿಯಲ್ಲಿ ಬೆನ್ನು ಬಗ್ಗಿದ್ದೇ ಇರುತ್ತದೆ. ಮಳೆಯನ್ನೇ ನಂಬಿದ ಜಗಳೂರಿನ ಹೊಲಗಳಲ್ಲಿ ಕೆಲಸ ಕೆಲವು ತಿಂಗಳು ಮಾತ್ರ. ಉಳಿದ ದಿನ ಕಟ್ಟೆಯ ಮೇಲೆ ಕೂರುವುದೇ ಹೆಚ್ಚು. ಉಳುಮೆಗೆ ಟ್ರ್ಯಾಕ್ಟರ್, ಹೊಲಕ್ಕೆ ಹೋಗಲು ಬೈಕು, ಸಂಜೆಯಾದರೆ ಟಿ.ವಿ., ಮೊಬೈಲು ಬಂದಿವೆ. ಅಂಗಡಿ, ಕಚೇರಿ, ಶಾಲೆಗಳಲ್ಲಿ ಕೆಲಸ ಮಾಡುವವರ ಸ್ಥಿತಿಯನ್ನಂತೂ ಹೇಳಬೇಕಾಗಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಪ್ರಕಟಿಸಿದ ಅಂದಾಜಿನಂತೆ, 2022ರಲ್ಲಿ ಭಾರತದ ವಯಸ್ಕರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ಸಾಕಷ್ಟು ದೈಹಿಕ ಚಟುವಟಿಕೆ ಇರಲಿಲ್ಲ. ಗಂಡಸರಿಗಿಂತ ಹೆಂಗಸರ ಪ್ರಮಾಣವೇ ಹೆಚ್ಚು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯ ವರದಿ 2023ರಲ್ಲಿ ಹೊರಬಂದಾಗ, ದೇಶದಲ್ಲಿ ಸಕ್ಕರೆ ಕಾಯಿಲೆಯವರ ಸಂಖ್ಯೆ 10 ಕೋಟಿ ದಾಟಿತ್ತು. ಈ ಎರಡು ಸಂಗತಿಗಳಿಗೂ ನಂಟಿದೆ.

ನಡೆದಾಗ ಮೈಯಲ್ಲಿ ಏನಾಗುತ್ತದೆ?

ನಾವು ಬಿರುಸಾಗಿ ನಡೆದಾಗ ತೊಡೆ, ಮೀನಖಂಡಗಳ ದೊಡ್ಡ ಸ್ನಾಯುಗಳು ರಕ್ತದಲ್ಲಿನ ಸಕ್ಕರೆಯನ್ನು ಹೀರಿಕೊಂಡು ಉರುವಲಿನಂತೆ ಬಳಸುತ್ತವೆ. ಇನ್ಸುಲಿನ್ ಸರಿಯಾಗಿ ಕೆಲಸ ಮಾಡದವರಲ್ಲೂ ದುಡಿಯುವ ಸ್ನಾಯು ಸಕ್ಕರೆಯನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಹೃದಯ ಬಲಗೊಳ್ಳುತ್ತದೆ, ರಕ್ತದೊತ್ತಡ ಇಳಿಯುತ್ತದೆ, ಮೂಳೆ ಗಟ್ಟಿಯಾಗುತ್ತದೆ, ರಾತ್ರಿ ನಿದ್ದೆ ಚೆನ್ನಾಗಿ ಬರುತ್ತದೆ. ಮೈದಾನದಲ್ಲಿ ನಾಲ್ಕು ಜನರ ಜೊತೆ ಮಾತಾಡುತ್ತ ಸುತ್ತು ಹಾಕಿದರೆ ಮನಸ್ಸಿನ ಭಾರವೂ ಇಳಿಯುತ್ತದೆ. ಮಕ್ಕಳು ದೂರದ ಊರಿಗೆ ಹೋಗಿ ಮನೆಯಲ್ಲಿ ಇಬ್ಬರೇ ಉಳಿದ ಹಿರಿಯರಿಗೆ ಇದು ದೊಡ್ಡ ಆಸರೆ.

ಯಾರಿಗೆ ಎಷ್ಟು?

ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷ, ಅಂದರೆ ವಾರದಲ್ಲಿ ಐದು ದಿನ ಅರ್ಧ ಗಂಟೆ. ಮಾತಾಡಲು ಸಾಧ್ಯ, ಆದರೆ ಹಾಡು ಹೇಳಲು ಉಸಿರು ಸಾಲದು ಎನ್ನುವಷ್ಟು ಬಿರುಸಿರಲಿ. ಮೈದಾನದಲ್ಲಿ ಸುಣ್ಣದಲ್ಲಿ ಗುರುತು ಮಾಡಿದ 200 ಮೀಟರ್ ಸುತ್ತು ಇದ್ದರೆ ಅರ್ಧ ಗಂಟೆಯಲ್ಲಿ 12 ಸುತ್ತು ಹಾಕಬಹುದು. ಮೊದಲ ವಾರ ನಾಲ್ಕೈದು ಸುತ್ತು ಸಾಕು, ಆಮೇಲೆ ನಿಧಾನವಾಗಿ ಏರಿಸಿ.

5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ ಒಂದು ಗಂಟೆ ಆಟ ಬೇಕು. ಎಸ್ಸೆಸ್ಸೆಲ್ಸಿ ಬಂತೆಂದು ಆಟ ಬಿಡಿಸುವುದು ತಪ್ಪು. ದೊಡ್ಡವಳಾದಳೆಂದು ಹುಡುಗಿಯ ಆಟ ನಿಲ್ಲಿಸುವುದು ಇನ್ನೂ ದೊಡ್ಡ ತಪ್ಪು. ಆಟಕ್ಕೆ ದುಬಾರಿ ಸಾಮಾನು ಬೇಕಿಲ್ಲ. ಕಬಡ್ಡಿಗೆ 13 ಮೀಟರ್ ಉದ್ದ, 10 ಮೀಟರ್ ಅಗಲದ ಜಾಗ ಸಾಕು. ಖೋ ಖೋಗೆ ಎರಡು ಕಂಬ, ವಾಲಿಬಾಲಿಗೆ ಒಂದು ಬಲೆ, ಒಂದು ಚೆಂಡು.

65 ದಾಟಿದವರು ನಡಿಗೆಯ ಜೊತೆಗೆ ವಾರಕ್ಕೆ ಮೂರು ದಿನವಾದರೂ ಸಮತೋಲದ ಅಭ್ಯಾಸ ಮಾಡಬೇಕು. ಗೋಡೆ ಹಿಡಿದು ಒಂಟಿ ಕಾಲಿನಲ್ಲಿ ಸ್ವಲ್ಪ ಹೊತ್ತು ನಿಲ್ಲುವುದೂ ಒಂದು ಅಭ್ಯಾಸವೇ. ಬಚ್ಚಲಿನಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಳ್ಳುವ ಅಪಾಯ ಇದರಿಂದ ಕಡಿಮೆಯಾಗುತ್ತದೆ.

ಗೇಟಿಗೆ ಬೀಗ ಏಕೆ ಬೀಳುತ್ತದೆ?

ಎಷ್ಟೋ ಊರುಗಳಲ್ಲಿ ಸಂಜೆಯಾದೊಡನೆ ಶಾಲೆಯ ಗೇಟಿಗೆ ಬೀಗ ಬೀಳುತ್ತದೆ. ಹೆಡ್‌ಮಾಸ್ತರರನ್ನು ಬಯ್ಯುವ ಮೊದಲು ಕಾರಣ ನೋಡಿ. ಬೆಳಿಗ್ಗೆ ಮಕ್ಕಳು ಬರುವಾಗ ಅಂಗಳದಲ್ಲಿ ಒಡೆದ ಬಾಟಲಿ, ಗುಟ್ಕಾ ಚೀಟಿ, ಶಾಮಿಯಾನ ಕಟ್ಟಿದವರು ಬಿಟ್ಟುಹೋದ ಮೊಳೆ ಬಿದ್ದಿದ್ದರೆ ಅವರಾದರೂ ಏನು ಮಾಡಿಯಾರು? ಮಗುವಿನ ಕಾಲಿಗೆ ಗಾಜು ಚುಚ್ಚಿದರೆ ಉತ್ತರ ಹೇಳಬೇಕಾದವರು ಅವರೇ. ಬೀಗ ತೆಗೆಸುವ ಶಕ್ತಿ ಇರುವುದು ಊರಿನವರ ನಡತೆಯಲ್ಲಿ.

ಶಾಲೆಯನ್ನು ಊರಿಗೆ ತೆರೆದಿಡುವುದು ಹೊಸ ಮಾತೇನಲ್ಲ. ಜಪಾನ್ ದೇಶ 1961ರಲ್ಲೇ ಕ್ರೀಡೆಯ ಕಾನೂನು ಮಾಡಿ, ಪಾಠಕ್ಕೆ ಅಡ್ಡಿಯಾಗದಂತೆ ಶಾಲೆಯ ಮೈದಾನಗಳನ್ನು ಜನರಿಗೆ ಬಿಡಲು ದಾರಿ ಮಾಡಿತು. ಬೇಸಿಗೆ ರಜೆಯ ಮುಂಜಾನೆ ಅಲ್ಲಿನ ಮಕ್ಕಳು, ಹಿರಿಯರು ಒಟ್ಟಿಗೆ ಸೇರಿ ರೇಡಿಯೋ ಹೇಳಿದಂತೆ ವ್ಯಾಯಾಮ ಮಾಡುವ ರೂಢಿಯಿದೆ. ನಮ್ಮ 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲೂ ಪಾಠವಿಲ್ಲದ ವೇಳೆಯಲ್ಲಿ ಶಾಲೆಯ ಕಟ್ಟಡ, ಆವರಣವನ್ನು ಸಮುದಾಯದ ಕೆಲಸಕ್ಕೆ ಬಳಸಬಹುದೆಂಬ ಮಾತಿದೆ.

ನಿಮ್ಮೂರಿನಲ್ಲಿ ಹೀಗೆ ಮಾಡಬಹುದು. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯವರನ್ನೂ ಮುಖ್ಯೋಪಾಧ್ಯಾಯರನ್ನೂ ಹತ್ತು ಜನ ಒಟ್ಟಾಗಿ ಕಂಡು, ಬೆಳಿಗ್ಗೆ ಮತ್ತು ಸಂಜೆ ಇಂತಿಷ್ಟು ಹೊತ್ತು ಎಂದು ಲಿಖಿತವಾಗಿ ಗೊತ್ತುಮಾಡಿಕೊಳ್ಳಿ. ಶನಿವಾರ ಬೆಳಗಿನ ಶಾಲೆ ಇರುವುದರಿಂದ ಅಂದು ಬೇಗ ಜಾಗ ಬಿಡಿ. ಹತ್ತನೇ ತರಗತಿಯ ವಿಶೇಷ ಪಾಠ ನಡೆಯುವಾಗ ಗದ್ದಲ ಬೇಡ. ಬೀಗದ ಕೈ ಯಾರ ಬಳಿ, ಸಂಜೆ ಗೇಟು ಹಾಕುವವರು ಯಾರು ಎಂಬುದನ್ನು ವಾರದ ಪಾಳಿಯಂತೆ ಹಂಚಿಕೊಳ್ಳಿ. ಸಂಜೆಯ ಸ್ವಲ್ಪ ಹೊತ್ತು, ಒಂದು ಬದಿಯ ಜಾಗ ಹೆಂಗಸರಿಗೆಂದೇ ಇರಲಿ, ಅಲ್ಲೊಂದು ದೀಪವಿರಲಿ. ತಿಂಗಳಿಗೊಮ್ಮೆ ಎಲ್ಲರೂ ಸೇರಿ ಕಲ್ಲು, ಗಾಜು ಆರಿಸಿ. ಶಾಲೆಯಿಂದ 100 ಗಜದೊಳಗೆ ತಂಬಾಕು ಮಾರುವುದನ್ನು 2003ರ ಕಾನೂನು ನಿಷೇಧಿಸಿದೆ ಎಂಬುದನ್ನು ಗೇಟಿನ ಬಳಿಯ ಅಂಗಡಿಯವರಿಗೂ ನೆನಪಿಸಿ.

ಕೆಲವು ಎಚ್ಚರಿಕೆಗಳು

30 ದಾಟಿದವರು ಮೊದಲು ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ರಕ್ತದೊತ್ತಡ, ಸಕ್ಕರೆ ಪರೀಕ್ಷೆ ಮಾಡಿಸಿಕೊಳ್ಳಿ. ಅಲ್ಲಿ ಇದು ಉಚಿತ. ಹೃದ್ರೋಗ ಇರುವವರು ವೈದ್ಯರನ್ನು ಕೇಳದೆ ಓಡಬೇಡಿ. ಸಕ್ಕರೆ ಕಾಯಿಲೆಯವರು ಬರಿಗಾಲಿನಲ್ಲಿ ನಡೆಯಬಾರದು. ಪಾದದ ಸ್ಪರ್ಶಜ್ಞಾನ ಕುಂದಿದ್ದರೆ ಕಲ್ಲು ಚುಚ್ಚಿದ್ದೂ ತಿಳಿಯುವುದಿಲ್ಲ. ಜೇಬಿನಲ್ಲಿ ಸ್ವಲ್ಪ ಸಕ್ಕರೆ ಇರಲಿ. ನಡುಕ, ಬೆವರು, ತಲೆಸುತ್ತು ಬಂದರೆ ಕೂಡಲೇ ಬಾಯಿಗೆ ಹಾಕಿಕೊಳ್ಳಿ. ಬೇಸಿಗೆಯಲ್ಲಿ ಬಿಸಿಲೇರುವ ಮೊದಲೇ ನಡಿಗೆ ಮುಗಿಸಿ. ನಡೆಯುವಾಗ ಎದೆ ಹಿಂಡಿದಂತಾಗಿ ನೋವು ಎಡತೋಳು ಅಥವಾ ದವಡೆಗೆ ಹರಿದರೆ, ತಣ್ಣನೆ ಬೆವರು ಬಂದರೆ, ಅದು ವಾಯು ಎಂದು ತಳ್ಳಿಹಾಕದೆ ಅಲ್ಲೇ ಕುಳಿತು 108ಕ್ಕೆ ಕರೆ ಮಾಡಿಸಿ.

ನೀವು ಓದಿದ, ನಿಮ್ಮ ಮಕ್ಕಳು ಓದುತ್ತಿರುವ ಶಾಲೆಯ ಬಯಲು ಅದು. ನಾಳೆ ಬೆಳಿಗ್ಗೆ ಒಬ್ಬರೇ ಹೋಗಬೇಡಿ. ಪಕ್ಕದ ಮನೆಯವರನ್ನೂ ಎಬ್ಬಿಸಿಕೊಂಡು ಹೋಗಿ. ಬರುವಾಗ ಕಣ್ಣಿಗೆ ಬಿದ್ದ ಒಂದು ಗಾಜಿನ ಚೂರನ್ನಾದರೂ ಎತ್ತಿ ಆಚೆ ಹಾಕಿ ಬನ್ನಿ.